ಪಾಳಿ ಕಲಿಯಲೊಂದು ಪುಸ್ತಕ ಬೇಕು

ಪಾಳಿ ಕಲಿಯಬೇಕೆಂದು ಹೊರಡುವವರಿಗೆ ಮೊದಲು ಎದುರಾಗುವ ತೊಡಕು ವ್ಯಾಕರಣದ್ದಲ್ಲ, ಪುಸ್ತಕದ್ದು. ಸಂಸ್ಕೃತ ಕಲಿಯುವವರಿಗೆ ಊರಿನ ಹಳೆಯ ಪುಸ್ತಕದಂಗಡಿಯಲ್ಲಿ ಒಂದು ಶಬ್ದಮಂಜರಿಯಾದರೂ ಸಿಗುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಅಮರಕೋಶ ಇದ್ದರೂ ಇರಬಹುದು. ಪಾಳಿಯ ಮಾತು ಹಾಗಲ್ಲ. ಬುದ್ಧನ ಉಪದೇಶಗಳನ್ನು ಹೊತ್ತಿರುವ ಭಾಷೆ, ಹುಟ್ಟಿದ್ದು ಇದೇ ನೆಲದಲ್ಲಿ. ಆದರೆ ಅದರ ಪಠ್ಯಪುಸ್ತಕ ಬೇಕೆಂದರೆ ಕೈ ಚಾಚಬೇಕಾದುದು ಕೊಲಂಬೊ ಕಡೆಗೆ, ಲಂಡನ್ ಕಡೆಗೆ.

2024ರ ಅಕ್ಟೋಬರ್ 3ರಂದು ಕೇಂದ್ರ ಸಚಿವ ಸಂಪುಟ ಮರಾಠಿ, ಪ್ರಾಕೃತ, ಅಸ್ಸಾಮಿ ಮತ್ತು ಬಂಗಾಳಿಗಳ ಜೊತೆಗೆ ಪಾಳಿಗೂ ಶಾಸ್ತ್ರೀಯ ಭಾಷೆಯ ಸ್ಥಾನ ನೀಡಿತು. ಅದಕ್ಕೆ ಹನ್ನೊಂದು ವರ್ಷ ಮೊದಲು, 2013ರಲ್ಲಿ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಿಂದ ಇದೇ ಪಾಳಿಯನ್ನು ಕೈಬಿಡಲಾಗಿತ್ತು. ಒಂದು ಕೈಯಿಂದ ಕಿರೀಟ, ಇನ್ನೊಂದು ಕೈಯಿಂದ ಕಟಾವು. ಸರ್ಕಾರದ ಮಾತು ಹಾಗಿರಲಿ. ಪಾಳಿಯನ್ನು ಹೇಗೆ ಕಲಿಯುವುದು, ಯಾವ ಪುಸ್ತಕ ಹಿಡಿದು ಕೂರುವುದು ಎಂಬ ಪ್ರಶ್ನೆಗೆ ಇನ್ನೂರು ವರ್ಷಗಳ ಸ್ವಾರಸ್ಯಕರ ಇತಿಹಾಸವಿದೆ. ಆ ಇತಿಹಾಸದಲ್ಲಿ ರೋಗಿಷ್ಠ ಅಧಿಕಾರಿಗಳಿದ್ದಾರೆ, ಮನೆ ಬಿಟ್ಟು ಹೋದ ಗೋವೆಯ ಯುವಕನೊಬ್ಬನಿದ್ದಾನೆ, ಸಂಸ್ಕೃತದ ಬಾಗಿಲು ಮುಚ್ಚಿಸಿಕೊಂಡ ವಿದ್ಯಾರ್ಥಿಯೊಬ್ಬನಿದ್ದಾನೆ.

ಮೊದಲು ಹೆಸರಿನ ವಿಚಾರ. ಪಾಳಿ ಎಂಬುದು ಮೂಲದಲ್ಲಿ ಭಾಷೆಯ ಹೆಸರೇ ಅಲ್ಲ. ಪಾಳಿ ಎಂದರೆ ಸಾಲು, ಪಂಕ್ತಿ. ಅದರಿಂದ ಮೂಲಪಾಠ ಎಂಬ ಅರ್ಥ ಬಂತು. ಐದನೇ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಕುಳಿತು ವ್ಯಾಖ್ಯಾನಗಳನ್ನು ಬರೆದ ಬುದ್ಧಘೋಷ ‘ಪಾಳಿ’ ಎಂದಾಗ ಮೂಲಗ್ರಂಥ ಎಂದೇ ಅರ್ಥ. ಅದಕ್ಕೆ ಎದುರಾಗಿ ‘ಅಟ್ಠಕಥಾ’ ಎಂದರೆ ವ್ಯಾಖ್ಯಾನ. ಭಾಷೆಯನ್ನು ಅವರು ಮಾಗಧಿ ಎಂದು ಕರೆದರು. ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಹಗಲು ಪಾಳಿ ಎನ್ನುವಾಗ ನಾವು ಬಳಸುವುದೂ ಸಾಲು, ಸರದಿ ಎಂಬ ಅರ್ಥದ ಇದೇ ಮಾತನ್ನು.

ಪಾಳಿಗೆ ಸ್ವಂತ ಲಿಪಿ ಇಲ್ಲ. ಸಿಂಹಳದಲ್ಲಿ ಸಿಂಹಳ ಲಿಪಿ, ಬರ್ಮಾದಲ್ಲಿ ಬರ್ಮಿ ಲಿಪಿ, ಸಯಾಮಿನಲ್ಲಿ ಖ್ಮೇರ್ ಲಿಪಿ, ಆಮೇಲೆ ಥಾಯ್ ಲಿಪಿ. ಹೋದ ಊರಿನ ಬಟ್ಟೆ ಉಟ್ಟ ಭಾಷೆ ಇದು. ಆದ್ದರಿಂದ ಹೊರಗಿನಿಂದ ಬಂದ ವಿದ್ಯಾರ್ಥಿ ಮೊದಲು ಒಂದು ದೇಶದ ಲಿಪಿ ಕಲಿಯಬೇಕು, ಆಮೇಲೆ ಭಾಷೆ. ಒಂದು ದೇಶದ ಓಲೆಗರಿ ಓದಲು ಬಂದವನಿಗೆ ಪಕ್ಕದ ದೇಶದ ಓಲೆಗರಿ ಓದಲು ಬರುವುದಿಲ್ಲ.

ವಿಹಾರಗಳ ಒಳಗಿದ್ದವರಿಗೆ ಈ ತೊಂದರೆ ಇರಲಿಲ್ಲ. ಅಲ್ಲಿ ಪುಸ್ತಕಕ್ಕಿಂತ ಮೊದಲು ಗುರು ಇದ್ದ, ಗುರುವಿನ ಬಾಯಿಂದ ವಿದ್ಯಾರ್ಥಿಯ ಕಿವಿಗೆ ಪಾಠ ಬೀಳುತ್ತಿತ್ತು. ಕಚ್ಚಾಯನ ವ್ಯಾಕರಣ ಅತ್ಯಂತ ಹಳೆಯದು. ಸಂಸ್ಕೃತದ ಕಾತಂತ್ರ ವ್ಯಾಕರಣದ ನೆರಳು ಅದರ ಮೇಲಿದೆ. ಹನ್ನೆರಡನೇ ಶತಮಾನದಲ್ಲಿ ಸಿಂಹಳದ ಮೊಗ್ಗಲ್ಲಾನ ಇನ್ನೊಂದು ವ್ಯಾಕರಣ ರಚಿಸಿದ. ಅದೇ ಶತಮಾನದಲ್ಲಿ ಬರ್ಮಾದ ಅಗ್ಗವಂಸ ‘ಸದ್ದನೀತಿ’ ಎಂಬ ಬೃಹತ್ ಗ್ರಂಥ ಬರೆದ. ‘ರೂಪಸಿದ್ಧಿ’ ಬರೆದ ಬುದ್ಧಪ್ಪಿಯ ಚೋಳದೇಶದವನು. ದಕ್ಷಿಣ ಭಾರತದಲ್ಲಿ ಪಾಳಿ ಪಾಂಡಿತ್ಯ ಇತ್ತೆಂಬುದಕ್ಕೆ ಅವನೊಬ್ಬ ಸಾಕ್ಷಿ. ಎಳೆಯರಿಗಾಗಿ ‘ಬಾಲಾವತಾರ’ ಎಂಬ ಚಿಕ್ಕ ವ್ಯಾಕರಣ. ಶಬ್ದಗಳಿಗೆ ‘ಅಭಿಧಾನಪ್ಪದೀಪಿಕಾ’ ಎಂಬ ಪದ್ಯರೂಪದ ಕೋಶ, ನಮ್ಮ ಅಮರಕೋಶದ ಮಾದರಿಯದು. ಇವೆಲ್ಲ ಕಂಠಪಾಠಕ್ಕೆ ಹೇಳಿ ಮಾಡಿಸಿದಂಥವು. ಕೇಶಿರಾಜ ಕಂದಪದ್ಯಗಳಲ್ಲಿ ಕನ್ನಡ ವ್ಯಾಕರಣ ಕಟ್ಟಿದ್ದೂ ಇದೇ ಕಾರಣಕ್ಕೆ ಅಲ್ಲವೆ? ಬಾಯಿಗೆ ಬಂದದ್ದು ಬುದ್ಧಿಗೆ ನಿಧಾನವಾಗಿ ಇಳಿಯುತ್ತದೆ ಎಂಬ ನಂಬಿಕೆ.

ಆದರೆ ಪಾಳಿ ವ್ಯಾಕರಣದ ಸೂತ್ರಗಳೂ ಪಾಳಿಯಲ್ಲೇ ಇದ್ದವು. ಈಜು ಕಲಿಯುವ ವಿಧಾನವನ್ನು ನೀರಿನೊಳಗೆ ಬರೆದಿಟ್ಟ ಹಾಗೆ. ಗುರುವಿದ್ದರೆ ದಾರಿ, ಇಲ್ಲದಿದ್ದರೆ ಇಲ್ಲ.

ಯುರೋಪಿನವರು ಈ ಗೋಡೆಗೆ ತಲೆ ಹೊಡೆದುಕೊಂಡ ಬಗೆ ಕುತೂಹಲಕರ. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಟೋಲ್ಫ್ರಿ ಬಾಲಾವತಾರವನ್ನು ಇಂಗ್ಲಿಷಿಗೆ ತರಲು ಹೊರಟು 1817ರಲ್ಲಿ ತೀರಿಕೊಂಡರು. ಅದನ್ನು ಬೆಂಜಮಿನ್ ಕ್ಲಫ್ ಎಂಬ ಮಿಷನರಿ ಮುಂದುವರಿಸಿ 1824ರಲ್ಲಿ ಕೊಲಂಬೊದಲ್ಲಿ ಅಚ್ಚು ಹಾಕಿಸಿದರು. ವ್ಯಾಕರಣ, ಜೊತೆಗೆ ಅಭಿಧಾನಪ್ಪದೀಪಿಕೆಯ ಶಬ್ದಗಳು. ಎರಡು ವರ್ಷ ಕಳೆದು, 1826ರಲ್ಲಿ, ಪ್ಯಾರಿಸ್ಸಿನಲ್ಲಿ ಯೂಜೀನ್ ಬರ್ನೂಫ್ ಮತ್ತು ಕ್ರಿಶ್ಚಿಯನ್ ಲಾಸೆನ್ ‘ಪಾಳಿಯನ್ನು ಕುರಿತ ಪ್ರಬಂಧ’ ಪ್ರಕಟಿಸಿದರು. ಇಬ್ಬರಿಗೂ ಆಗ ಇಪ್ಪತ್ತೈದರ ಆಸುಪಾಸು. ಪಾಳಿ ಬಲ್ಲ ಭಿಕ್ಷುವೊಬ್ಬರನ್ನೂ ಎದುರಿಗೆ ಕೂರಿಸಿಕೊಳ್ಳದೆ, ಪ್ಯಾರಿಸ್ಸಿನ ಗ್ರಂಥಾಲಯ ಸೇರಿದ್ದ ಹಸ್ತಪ್ರತಿಗಳನ್ನು ಸಂಸ್ಕೃತದ ಬಲದಿಂದ ಬಿಡಿಸಿದ ಸಾಹಸ ಅದು.

ಜಾರ್ಜ್ ಟರ್ನೂರ್ ಕಥೆ ಇನ್ನೂ ಚೆನ್ನಾಗಿದೆ. ಸಿಂಹಳದಲ್ಲೇ ಹುಟ್ಟಿ ಅಲ್ಲಿನ ಸರ್ಕಾರದಲ್ಲಿ ಅಧಿಕಾರಿಯಾಗಿದ್ದ ಈತನಿಗೆ ‘ಮಹಾವಂಸ’ವನ್ನು ಓದುವ ಆಸೆ. ಆ ಚರಿತ್ರೆಯ ಕಾವ್ಯವೋ ಬಿಗಿಯಾದ ಪದ್ಯಗಳಲ್ಲಿದೆ. ವ್ಯಾಖ್ಯಾನವಿಲ್ಲದೆ ಎಷ್ಟೋ ಕಡೆ ಅರ್ಥ ಕೈಗೆ ಸಿಗುವುದಿಲ್ಲ. ತಮಗೆ ಪಾಠ ಹೇಳುತ್ತಿದ್ದ ಭಿಕ್ಷುವಿನ ನೆರವಿನಿಂದ ದಕ್ಷಿಣ ಸಿಂಹಳದ ಮುಲ್ಗಿರಿಗಲ ವಿಹಾರದಲ್ಲಿದ್ದ ಮಹಾವಂಸದ ಟೀಕೆಯ ಪ್ರತಿಯನ್ನು ಅವರು ಪಡೆದರು. ಕಗ್ಗಂಟು ಬಿಚ್ಚಿಕೊಂಡಿತು. 1837ರಲ್ಲಿ ಮೂಲ ಮತ್ತು ಇಂಗ್ಲಿಷ್ ಅನುವಾದ ಹೊರಬಂತು. ಒಳ್ಳೆಯ ಅಧ್ಯಯನ ಸಾಮಗ್ರಿ ಎಂದರೇನು ಎಂದು ಕೇಳುವವರಿಗೆ ಈ ಟೀಕೆಗಿಂತ ಬೇರೆ ಉದಾಹರಣೆ ಬೇಡ.

ಇಲ್ಲೊಂದು ಕನ್ನಡ ನಾಡಿನ ನಂಟು ಇದೆ. ಅದೇ ಮಹಾವಂಸದಲ್ಲಿ, ಅಶೋಕನ ಕಾಲದ ಮೂರನೇ ಸಂಗೀತಿಯ ನಂತರ ಧರ್ಮಪ್ರಚಾರಕ್ಕೆ ಹೊರಟ ಸ್ಥವಿರರ ಪಟ್ಟಿ ಬರುತ್ತದೆ. ರಕ್ಖಿತ ವನವಾಸಕ್ಕೆ ಹೋದ, ಮಹಾದೇವ ಮಹಿಷಮಂಡಲಕ್ಕೆ ಹೋದ ಎಂದಿದೆ. ವನವಾಸ ನಮ್ಮ ಬನವಾಸಿ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಮಹಿಷಮಂಡಲವನ್ನು ಮೈಸೂರು ಸೀಮೆ ಎನ್ನುವವರಿದ್ದಾರೆ, ನರ್ಮದೆಯ ಕಡೆಗೆ ಎಳೆಯುವವರೂ ಇದ್ದಾರೆ.

ಇನ್ನೊಂದು ನಂಟು ಇದಕ್ಕಿಂತ ಗಟ್ಟಿಯಾದದ್ದು. 1837ರಲ್ಲೇ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದರು. ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’ ಎಂಬ ರಾಜ ಮಾತಾಡುತ್ತಿದ್ದ. ಯಾರೀತ? ಪ್ರಿನ್ಸೆಪ್ ಮೊದಲು ಸಿಂಹಳದ ದೊರೆ ಇರಬೇಕೆಂದು ಊಹಿಸಿದ್ದರು. ಟರ್ನೂರ್ ಪಾಳಿಯ ‘ದೀಪವಂಸ’ವನ್ನು ತೆರೆದು, ಪಿಯದಸ್ಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕ ಎಂದು ತೋರಿಸಿಕೊಟ್ಟರು. ಪುಸ್ತಕದ ಈ ಸಾಕ್ಷ್ಯಕ್ಕೆ ಕಲ್ಲಿನ ಸಾಕ್ಷ್ಯ ದೊರೆತದ್ದು 78 ವರ್ಷಗಳ ಮೇಲೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಪಾಳಿ ಓದಲು ಒಬ್ಬ ಅಧಿಕಾರಿ ಪಟ್ಟ ಶ್ರಮ ಭಾರತದ ಇತಿಹಾಸಕ್ಕೆ ಒಬ್ಬ ಚಕ್ರವರ್ತಿಯನ್ನು ಮರಳಿಸಿತು.

ವ್ಯಾಕರಣ ಬಂತು, ಪಠ್ಯ ಬಂತು. ನಿಘಂಟು ಇನ್ನೂ ಇರಲಿಲ್ಲ. ರಾಬರ್ಟ್ ಸೀಸರ್ ಚಿಲ್ಡರ್ಸ್ ನಾಲ್ಕೇ ವರ್ಷ ಸಿಂಹಳದ ಸೇವೆಯಲ್ಲಿದ್ದು, ಆರೋಗ್ಯ ಕೆಟ್ಟು 1864ರಲ್ಲಿ ಇಂಗ್ಲೆಂಡಿಗೆ ಮರಳಿದವರು. ಸಿಂಹಳದಲ್ಲಿದ್ದಾಗ ಯಾತ್ರಾಮುಲ್ಲೆ ಎಂಬ ಭಿಕ್ಷುವಿನಿಂದ ಪಾಠ ಹೇಳಿಸಿಕೊಂಡಿದ್ದರು. ವಾಸ್ಕಡುವೆಯ ಸುಭೂತಿ ಎಂಬ ಇನ್ನೊಬ್ಬ ವಿದ್ವಾಂಸ ಭಿಕ್ಷು 1865ರಲ್ಲಿ ಅಭಿಧಾನಪ್ಪದೀಪಿಕೆಯನ್ನು ಅರ್ಥಸಹಿತ ಅಚ್ಚು ಮಾಡಿಸಿದ್ದರು. ಚಿಲ್ಡರ್ಸ್ ಆ ಪದ್ಯಕೋಶವನ್ನು ಮುರಿದು ಅಕ್ಷರಕ್ರಮದಲ್ಲಿ ಜೋಡಿಸಿ, ಮೇಲೆ ತಮ್ಮ ಓದಿನಿಂದ ಸಿಕ್ಕಿದ್ದನ್ನೆಲ್ಲ ಸೇರಿಸಿದರು. ಸಂದೇಹ ಬಂದಾಗ ಸುಭೂತಿಯವರಿಗೆ ಕಾಗದ ಬರೆದರು. 1872 ಮತ್ತು 1875ರಲ್ಲಿ ಎರಡು ಭಾಗಗಳಾಗಿ ನಿಘಂಟು ಬಂತು. 1876ರಲ್ಲಿ ಕ್ಷಯದಿಂದ ಚಿಲ್ಡರ್ಸ್ ತೀರಿಕೊಂಡರು. ವಯಸ್ಸು 38. ಹಡಗಿನಲ್ಲಿ ಹೋಗಿ ಬರುವ ಅಂಚೆಯನ್ನು ನಂಬಿ ನಿಘಂಟು ಮಾಡಿದ ಆ ಸಹನೆಯನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಮುಖಪುಟದಲ್ಲಿ ಒಬ್ಬರ ಹೆಸರಿದ್ದರೂ ಆ ನಿಘಂಟಿನ ಹಿಂದೆ ಸಿಂಹಳದ ವಿಹಾರಗಳ ಪಾಂಡಿತ್ಯ ನಿಂತಿದೆ ಎಂಬುದನ್ನು ಮರೆಯಬಾರದು.

ಯಾತ್ರಾಮುಲ್ಲೆಯವರ ಇನ್ನೊಬ್ಬ ಶಿಷ್ಯ ಟಿ.ಡಬ್ಲ್ಯು. ರೀಸ್ ಡೇವಿಡ್ಸ್. ಅವರು ಸಿಂಹಳದಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದಾಗ ವಿಹಾರಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಹಾಜರುಪಡಿಸಿದ ಪಾಳಿ ದಾಖಲೆಯನ್ನು ನ್ಯಾಯಾಲಯದಲ್ಲಿ ಯಾರಿಗೂ ಓದಲಾಗಲಿಲ್ಲವಂತೆ, ಅದೇ ಅವರ ಕಲಿಕೆಗೆ ನಿಮಿತ್ತವಾಯಿತಂತೆ. ಮುಂದೆ ಅಧಿಕಾರದಲ್ಲಿ ಮನಸ್ತಾಪ ಬಂದು ಕೆಲಸ ಹೋಯಿತು. ಒಬ್ಬ ಅಧಿಕಾರಿಯನ್ನು ಕಳೆದುಕೊಂಡ ಸಿಂಹಳ ಸರ್ಕಾರಕ್ಕೆ ಏನು ನಷ್ಟವಾಯಿತೋ, ಪಾಳಿಗಂತೂ ಲಾಭವಾಯಿತು. 1881ರಲ್ಲಿ ಲಂಡನ್ನಿನಲ್ಲಿ ಅವರು ಪಾಳಿ ಟೆಕ್ಸ್ಟ್ ಸೊಸೈಟಿ ಸ್ಥಾಪಿಸಿದರು. ಮೂಲಗ್ರಂಥಗಳನ್ನು ರೋಮನ್ ಲಿಪಿಯಲ್ಲಿ ಅಚ್ಚು ಹಾಕುವುದು ಉದ್ದೇಶ. ಆರಂಭದಲ್ಲಿ ಚಂದಾ ಕೊಟ್ಟು ಕೈಹಿಡಿದವರಲ್ಲಿ ಸಿಂಹಳದ ಭಿಕ್ಷುಗಳೇ ಅನೇಕರಿದ್ದರು.

ಹೊಸ ನಿಘಂಟಿಗಾಗಿ ರೀಸ್ ಡೇವಿಡ್ಸ್ ಹಾಕಿದ್ದು ದೊಡ್ಡ ಯೋಜನೆ: ಬೇರೆ ಬೇರೆ ದೇಶಗಳ ವಿದ್ವಾಂಸರು ಅಕ್ಷರಗಳನ್ನು ಹಂಚಿಕೊಂಡು ಬರೆಯುವುದು. ಮೊದಲನೆಯ ಮಹಾಯುದ್ಧ ಅದನ್ನು ನುಂಗಿತು. ಕೊನೆಗೆ ಇಳಿವಯಸ್ಸಿನ ಅವರೂ ಜರ್ಮನ್ ವಿದ್ವಾಂಸ ವಿಲಿಯಂ ಸ್ಟೀಡ್ ಅವರೂ ಕೂತು ಕೆಲಸ ಶುರು ಮಾಡಿದರು. 1921ರಿಂದ ಬಿಡಿ ಬಿಡಿ ಭಾಗಗಳಾಗಿ ನಿಘಂಟು ಬರತೊಡಗಿತು; 1922ರ ಡಿಸೆಂಬರಿನಲ್ಲಿ ರೀಸ್ ಡೇವಿಡ್ಸ್ ತೀರಿಕೊಂಡರು; 1925ರಲ್ಲಿ ಸ್ಟೀಡ್ ಮುಗಿಸಿದರು. ನೂರು ವರ್ಷ ಕಳೆದರೂ ಪಾಳಿ ವಿದ್ಯಾರ್ಥಿಗಳ ಮೇಜಿನ ಮೇಲೆ ಇಂದಿಗೂ ಇರುವುದು ಇದೇ ನಿಘಂಟು.

ಹಾಗಾದರೆ ಭಾರತದಲ್ಲಿ? ಬುದ್ಧ ನಡೆದಾಡಿದ ನೆಲದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಪಾಳಿ ಹೇಳಿಕೊಡುವವರೇ ದುರ್ಲಭವಾಗಿದ್ದರು. ಧರ್ಮಾನಂದ ಕೋಸಂಬಿಯವರ ಜೀವನವೇ ಇದಕ್ಕೆ ನಿದರ್ಶನ. ಇತಿಹಾಸಕಾರ ಡಿ.ಡಿ. ಕೋಸಂಬಿಯವರ ತಂದೆ ಎಂದರೆ ನಮ್ಮ ಓದುಗರಿಗೆ ಬೇಗ ಗುರುತು ಸಿಗಬಹುದು. 1876ರಲ್ಲಿ ಗೋವೆಯ ಸಾಂಖವಾಳದಲ್ಲಿ ಹುಟ್ಟಿದ ಈ ಬಡ ಬ್ರಾಹ್ಮಣ ಯುವಕನ ಕೈಗೆ ‘ಬಾಲಬೋಧ’ ಎಂಬ ಮರಾಠಿ ಮಕ್ಕಳ ಮಾಸಪತ್ರಿಕೆಯಲ್ಲಿ ಬಂದ ಬುದ್ಧಚರಿತ್ರೆ ಬಿತ್ತು. ಅಷ್ಟೇ. ಮನಸ್ಸು ನಿಲ್ಲಲಿಲ್ಲ. 1899ರಲ್ಲಿ ಹೆಂಡತಿ ಮತ್ತು ಹಸುಳೆ ಮಗಳನ್ನು ಬಿಟ್ಟು ಹೊರಟೇಬಿಟ್ಟರು.

ಮೊದಲು ಪುಣೆ; ಬೌದ್ಧಧರ್ಮ ತಿಳಿಯಬೇಕಾದರೆ ಸಂಸ್ಕೃತ ಬೇಕೆಂದು ಕಾಶಿ. ಅಲ್ಲಿ ಅನ್ನಛತ್ರದಲ್ಲಿ ಊಟ ಮಾಡುತ್ತ ಸಂಸ್ಕೃತ ಓದಿದರು. ಬೌದ್ಧಧರ್ಮ ನೇಪಾಳದಲ್ಲಿ ಸಿಕ್ಕೀತೆಂದು ಅಲ್ಲಿಗೆ ಹೋಗಿ ನಿರಾಶರಾಗಿ ಮರಳಿದರು. ಬುದ್ಧಗಯೆಗೆ ಬಂದಾಗ, ಪಾಳಿ ಕಲಿಯಬೇಕಾದರೆ ಸಿಂಹಳಕ್ಕೆ ಹೋಗಬೇಕೆಂದು ತಿಳಿಯಿತು. 1902ರಲ್ಲಿ ಕೊಲಂಬೊದ ವಿದ್ಯೋದಯ ಪರಿವೇಣ ಸೇರಿದರು. ಹಿಕ್ಕಡುವೆ ಸುಮಂಗಲ ಸ್ಥವಿರರು 1873ರಲ್ಲಿ ಸ್ಥಾಪಿಸಿದ ವಿದ್ಯಾಲಯ ಅದು. ಮುಂದೆ ಬರ್ಮಾಕ್ಕೂ ಹೋದರು. ಬುದ್ಧನ ದೇಶದವನು ಬುದ್ಧನ ಮಾತು ಕಲಿಯಲು ಸಮುದ್ರ ದಾಟಬೇಕಾಯಿತು, ಪರದೇಶದ ಲಿಪಿಯಲ್ಲಿ ಓದಬೇಕಾಯಿತು!

ಮರಳಿದ ಮೇಲೆ 1906ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪಾಳಿ ಅಧ್ಯಾಪಕರಾದರು. ಆದರೆ ಅವರ ಹಂಬಲ ತಮ್ಮ ಜನರಿಗೆ ಪಾಳಿ ತಲುಪಿಸುವುದು. ಬರೋಡೆಯ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 50 ರೂಪಾಯಿ ವೇತನ ಕೊಡಲು ಮುಂದೆ ಬಂದರು. ಮಹಾರಾಷ್ಟ್ರದಲ್ಲಿ ಎಲ್ಲಾದರೂ ಇರಿ, ಬರೆಯಿರಿ ಎಂಬುದಷ್ಟೇ ಷರತ್ತು. ಹೆಚ್ಚು ಸಂಬಳದ ಕಲ್ಕತ್ತೆಯ ಕೆಲಸ ಬಿಟ್ಟು ಕೋಸಂಬಿ ಅದನ್ನು ಒಪ್ಪಿಕೊಂಡರು. 1912ರಿಂದ ಆರು ವರ್ಷ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದರು. ಮುಂದೆ ‘ಬೌದ್ಧಧರ್ಮದ 2500 ವರ್ಷಗಳು’ ಗ್ರಂಥವನ್ನು ಸಂಪಾದಿಸಿದ ಪಿ.ವಿ. ಬಾಪಟ್ ಅವರ ಶಿಷ್ಯರಲ್ಲೊಬ್ಬರು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ನಾಲ್ಕು ಸಲ ಹೋಗಿ ಬುದ್ಧಘೋಷನ ‘ವಿಸುದ್ಧಿಮಗ್ಗ’ವನ್ನು ಸಂಪಾದಿಸಿದರು. ಆ ಕೆಲಸವನ್ನು ಮೊದಲು ಕೈಗೆತ್ತಿಕೊಂಡಿದ್ದ ಹೆನ್ರಿ ವಾರೆನ್ 1899ರಲ್ಲೇ ತೀರಿಕೊಂಡಿದ್ದರು. ಪುಸ್ತಕದ ಮೇಲೆ ಯಾರ ಹೆಸರು ಹೇಗೆ ಬರಬೇಕು ಎಂಬ ವಿಷಯದಲ್ಲಿ ಅಲ್ಲಿನ ಪ್ರಾಧ್ಯಾಪಕ ಲ್ಯಾನ್ಮನ್ ಅವರಿಗೂ ಕೋಸಂಬಿಯವರಿಗೂ ಭಿನ್ನಾಭಿಪ್ರಾಯ ಬಂತು. ಹಾರ್ವರ್ಡ್ ಆವೃತ್ತಿ ಪ್ರಕಟವಾದದ್ದು 1950ರಲ್ಲಿ. ಕೋಸಂಬಿ ಅದನ್ನು ಕಾಣಲಿಲ್ಲ. 1947ರಲ್ಲಿ ಸೇವಾಗ್ರಾಮದಲ್ಲಿ ಆಹಾರ ತ್ಯಜಿಸಿ ದೇಹ ಬಿಟ್ಟಿದ್ದರು. ಆದರೆ 1940ರಲ್ಲೇ ಅವರು ಮುಂಬಯಿಯ ಭಾರತೀಯ ವಿದ್ಯಾ ಭವನದ ಮೂಲಕ ಅದೇ ಗ್ರಂಥವನ್ನು ನಾಗರಿ ಲಿಪಿಯಲ್ಲಿ ಹೊರತಂದಿದ್ದರು. ಸಾಮಾನ್ಯ ಭಾರತೀಯ ವಿದ್ಯಾರ್ಥಿಗೆ ಯಾವುದು ಹೆಚ್ಚು ಉಪಕಾರಿ ಎಂಬುದನ್ನು ಹೇಳಬೇಕಾಗಿಲ್ಲ.

ಅದೇ ವರ್ಷ ಭಿಕ್ಷು ಜಗದೀಶ ಕಾಶ್ಯಪರ ‘ಪಾಲಿ ಮಹಾವ್ಯಾಕರಣ’ ಹಿಂದಿಯಲ್ಲಿ ಬಂತು. ಕಾಶ್ಯಪರೇ ನಾಲಂದದಲ್ಲಿ ಪಾಳಿ ಅಧ್ಯಯನ ಸಂಸ್ಥೆಯನ್ನು ಕಟ್ಟಿ, 1956ರಿಂದ 1961ರ ನಡುವೆ ಇಡೀ ತ್ರಿಪಿಟಕವನ್ನು ನಾಗರಿ ಲಿಪಿಯ 41 ಸಂಪುಟಗಳಲ್ಲಿ ಸಂಪಾದಿಸಿದರು. ಸಯಾಮಿನ ದೊರೆ ಚುಲಾಲಂಕರಣ 1893ರಲ್ಲೇ ಥಾಯ್ ಲಿಪಿಯ 39 ಸಂಪುಟಗಳನ್ನು ಅಚ್ಚು ಮಾಡಿಸಿ ಲೋಕದ ಗ್ರಂಥಾಲಯಗಳಿಗೆಲ್ಲ ಹಂಚಿದ್ದ ಎಂಬುದನ್ನು ನೆನೆದರೆ ನಾವೆಷ್ಟು ಹಿಂದೆ ಬಿದ್ದಿದ್ದೆವೆಂಬುದು ತಿಳಿಯುತ್ತದೆ.

ಇದೆಲ್ಲ ಪಂಡಿತರ ಮಾತಾಯಿತು. ಪಾಳಿಯ ಪಠ್ಯಪುಸ್ತಕ ಎಂಬ ಪ್ರಶ್ನೆಗೆ ಬೇರೊಂದು ತೂಕ ಬಂದದ್ದು ಅಂಬೇಡ್ಕರ್ ಅವರಿಂದ. ಶಾಲೆಯಲ್ಲಿ ಸಂಸ್ಕೃತ ಓದಬೇಕೆಂದು ಬಾಲಕ ಭೀಮರಾವ್ ಬಯಸಿದ್ದರು. ಅಸ್ಪೃಶ್ಯರ ಹುಡುಗನಿಗೆ ಸಂಸ್ಕೃತ ಹೇಳಿಕೊಡಲು ಅಧ್ಯಾಪಕರು ಒಪ್ಪದ್ದರಿಂದ ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಸಂಸ್ಕೃತವನ್ನು ಮುಂದೆ ಸ್ವಂತ ಪ್ರಯತ್ನದಿಂದ ಕಲಿತರು. ಅದೇ ವ್ಯಕ್ತಿ ಬೌದ್ಧಧರ್ಮದ ಕಡೆಗೆ ತಿರುಗಿದ ಮೇಲೆ ಪಾಳಿ ವ್ಯಾಕರಣವನ್ನೂ ಪಾಳಿ ನಿಘಂಟನ್ನೂ ತಾವೇ ಸಿದ್ಧಪಡಿಸಲು ಕೂತರು. ದೇಶದ ರಾಜಕೀಯ, ಕಾನೂನು, ಕಾಯಿಲೆ, ಓಡಾಟಗಳ ನಡುವೆ ಶಬ್ದಗಳ ಪಟ್ಟಿ! ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಅವರ ಬರಹಗಳ ಮಾಲೆಯ 16ನೇ ಸಂಪುಟವಾಗಿ ಇವು 1998ರಲ್ಲಿ ಹೊರಬಂದವು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಅವರೊಂದಿಗೆ ತ್ರಿಶರಣ, ಪಂಚಶೀಲಗಳನ್ನು ಹೇಳಿದರು. ತ್ರಿಶರಣದ ಭಾಷೆ ಪಾಳಿ. ತಲೆಮಾರುಗಳಿಂದ ಶಾಸ್ತ್ರದ ಭಾಷೆಯನ್ನು ಕೇಳುವ ಹಕ್ಕೂ ಇಲ್ಲದವರ ಬಾಯಿಗೆ ಅಂದು ಒಂದು ಶಾಸ್ತ್ರೀಯ ಭಾಷೆ ಬಂತು. ಬಾಯಿಗೆ ಬಂದದ್ದು ಅರ್ಥವಾಗಬೇಕಾದರೆ ವ್ಯಾಕರಣ ಬೇಕು, ಕೋಶ ಬೇಕು, ಅದೂ ಜನರ ಭಾಷೆಯಲ್ಲಿ ಬೇಕು. ಎರಡು ತಿಂಗಳು ಕಳೆಯುವುದರೊಳಗೆ ಡಿಸೆಂಬರ್ 6ರಂದು ಅಂಬೇಡ್ಕರ್ ತೀರಿಕೊಂಡರು. ಪಾಳಿ ಕಲಿಯಲು ಪುಸ್ತಕ ಯಾವುದು ಎಂಬುದು ವಿದ್ವಾಂಸರ ಹವ್ಯಾಸದ ಪ್ರಶ್ನೆ ಮಾತ್ರ ಎಂದು ತಿಳಿಯುವವರು ಈ ಸಂಪುಟವನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಈಗ ಇಂದಿನ ವಿದ್ಯಾರ್ಥಿಯ ಕೈಗೆ ಸಿಗುವ ಪುಸ್ತಕಗಳು. ಸಿಂಹಳದ ಪೊಲ್ವತ್ತೆ ಬುದ್ಧದತ್ತ ಸ್ಥವಿರರ ‘ನ್ಯೂ ಪಾಳಿ ಕೋರ್ಸ್’ ಹಳೆಯ ಶಾಲಾಪಠ್ಯದ ಜಾತಿಯದು: ರೂಪಾವಳಿ, ಶಬ್ದಪಟ್ಟಿ, ಅನುವಾದಿಸಲು ವಾಕ್ಯಗಳು. ತಲೆಮಾರುಗಳು ಅದರಿಂದ ಕಲಿತಿವೆ. ಅವರದೇ ಚಿಕ್ಕ ಪಾಳಿ-ಇಂಗ್ಲಿಷ್ ನಿಘಂಟು ಚೀಲದಲ್ಲಿಟ್ಟುಕೊಳ್ಳಲು ಅನುಕೂಲ. 1963ರಲ್ಲಿ ಬಂದ ಎ.ಕೆ. ವಾರ್ಡರ್ ಅವರ ‘ಇಂಟ್ರೊಡಕ್ಷನ್ ಟು ಪಾಳಿ’ ವಿಶ್ವವಿದ್ಯಾಲಯಗಳ ಮೆಚ್ಚಿನ ಪುಸ್ತಕ. ಅದರ ಉದಾಹರಣೆಗಳು ಹೆಚ್ಚಾಗಿ ದೀಘನಿಕಾಯದಿಂದ ಬಂದವು, ಆದ್ದರಿಂದ ಕಲಿಯುವವನಿಗೆ ಸಿಗುವುದು ಅಸಲಿ ಭಾಷೆ. ಆದರೆ ಸಂಸ್ಕೃತದ ಗಂಧವಿಲ್ಲದೆ ಒಬ್ಬರೇ ಕೂತು ಓದುವವರಿಗೆ ಕೆಲವೇ ಪಾಠಗಳಲ್ಲಿ ಉಸಿರು ಕಟ್ಟುತ್ತದೆ.

ಪೆರಾದೆಣಿಯ ವಿಶ್ವವಿದ್ಯಾಲಯದ ಲಿಲಿ ಡಿಸಿಲ್ವ ಅವರ ‘ಪಾಳಿ ಪ್ರೈಮರ್’ ಇದಕ್ಕೆ ವಿರುದ್ಧ ದಿಕ್ಕಿನದು. ಇಗತ್‌ಪುರಿಯ ವಿಪಶ್ಯನಾ ಸಂಶೋಧನ ಸಂಸ್ಥೆ 1994ರಲ್ಲಿ ಪ್ರಕಟಿಸಿದ ಈ ಪುಸ್ತಕದಲ್ಲಿ 32 ಪಾಠಗಳು. ಒಂದು ಪಾಠಕ್ಕೆ ಒಂದು ವಿಭಕ್ತಿ, ಬೆರಳೆಣಿಕೆಯ ಪದಗಳು, ಆಮೇಲೆ ಸಾಲುಸಾಲು ಅಭ್ಯಾಸ. ರೈತ ಹೊಲಕ್ಕೆ ಹೋಗುತ್ತಾನೆ, ನಾಯಿ ಓಡುತ್ತದೆ ಎಂಬಂಥ ವಾಕ್ಯಗಳು. ಪಂಡಿತರು ಮೂಗು ಮುರಿಯಬಹುದು. ಆದರೆ ಪುಸ್ತಕವನ್ನು ಅರ್ಧಕ್ಕೆ ಬಿಡದೆ ಮುಗಿಸಿದೆ ಎನ್ನುವ ತೃಪ್ತಿ ಕೊಡುವುದು ಇಂಥ ಪಠ್ಯವೇ. 1998ರಲ್ಲಿ ಬಂದ ಗೇರ್ ಮತ್ತು ಕರುಣಾತಿಲಕ ಅವರ ಪುಸ್ತಕ ಮೂರನೆಯ ದಾರಿ ಹಿಡಿಯಿತು. ಹನ್ನೆರಡೇ ಪಾಠ, ಪ್ರತಿ ಪಾಠದಲ್ಲೂ ಮೊದಲು ತ್ರಿಪಿಟಕದಿಂದ ಆಯ್ದ ಭಾಗ, ಆಮೇಲೆ ಅದಕ್ಕೆ ಬೇಕಾದಷ್ಟು ವ್ಯಾಕರಣ. 2020ರಲ್ಲಿ ಭಿಕ್ಷು ಬೋಧಿ ಅವರು ಸಂಯುತ್ತನಿಕಾಯದ ಸುತ್ತಗಳನ್ನೇ ಪಾಠಗಳಾಗಿಸಿ, ಪದಪದಕ್ಕೂ ಅರ್ಥ ಬಿಡಿಸಿದ ಪುಸ್ತಕ ಕೊಟ್ಟಿದ್ದಾರೆ. ಡಿಸಿಲ್ವ ಅವರಿಂದ ಶುರು ಮಾಡಿ, ಗೇರ್ ಅಥವಾ ಭಿಕ್ಷು ಬೋಧಿ ಅವರ ಪುಸ್ತಕ ಹಿಡಿದು, ವಾರ್ಡರನ್ನು ಸಂದೇಹ ಬಂದಾಗ ತೆರೆದು ನೋಡುವ ಗ್ರಂಥವಾಗಿ ಇಟ್ಟುಕೊಳ್ಳುವುದು ಉತ್ತಮ ಎಂದು ಈ ಲೇಖಕನ ಅಭಿಪ್ರಾಯ.

ಎಲ್ಲ ಇಂಗ್ಲಿಷಿನ ಪುಸ್ತಕಗಳೇ ಆದವಲ್ಲ ಎಂದು ಓದುಗರು ಕೇಳಬಹುದು. ಕನ್ನಡದಲ್ಲಿ ಅಷ್ಟು ಆಯ್ಕೆ ಇಲ್ಲ ಎಂಬುದು ನಿಜ. ಆದರೆ ಕನ್ನಡ ಬರಿಗೈಯಲ್ಲೇನೂ ಇಲ್ಲ. ‘ರತ್ನನ ಪದಗಳು’ ಮತ್ತು ಮಕ್ಕಳ ಪದ್ಯಗಳಿಂದ ಮನೆಮಾತಾದ ಜಿ.ಪಿ. ರಾಜರತ್ನಂ ಪಾಳಿಯ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. ಶಾಕ್ಯ ಸಾಹಿತ್ಯ ಮಂಟಪ ಎಂಬ ಹೆಸರಿನಲ್ಲಿ ಪುಸ್ತಕಗಳನ್ನೂ ಪ್ರಕಟಿಸಿದರು. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ತ್ರಿಪಿಟಕದ ಕನ್ನಡ ಅನುವಾದಗಳನ್ನು ಹೊರತಂದಿದೆ. ಬರ್ಮಾದ ಆರನೇ ಸಂಗೀತಿಯಲ್ಲಿ, ಅಂದರೆ 1954ರಿಂದ 56ರವರೆಗೆ, ಪರಿಶೋಧಿಸಿದ ಪಾಠವನ್ನು ಇಗತ್‌ಪುರಿಯ ಸಂಸ್ಥೆ ಕಂಪ್ಯೂಟರಿಗೆ ಅಳವಡಿಸಿದ್ದು, ಅದು ಕನ್ನಡ ಲಿಪಿಯಲ್ಲೂ ದೊರೆಯುತ್ತದೆ. ಹೋದ ಊರಿನ ಬಟ್ಟೆ ಉಡುವ ಭಾಷೆ ಕೊನೆಗೂ ನಮ್ಮೂರ ಬಟ್ಟೆ ಉಟ್ಟಿದೆ.

ಕನ್ನಡಿಗನಿಗೆ ಪಾಳಿ ಇಂಗ್ಲಿಷರವನಿಗಿಂತ ಎಷ್ಟು ಹತ್ತಿರ ಎಂಬುದನ್ನು ಇಂಗ್ಲಿಷ್ ಪಠ್ಯಗಳು ಹೇಳುವುದಿಲ್ಲ. ಹೇಳಬೇಕಾದ ಕಾರಣವೂ ಅವಕ್ಕಿಲ್ಲ. ಮಹಾಪ್ರಾಣ, ಮೂರ್ಧನ್ಯ ಎಂದು ಅವು ಪುಟಗಟ್ಟಲೆ ವಿವರಿಸುವುದನ್ನು ನಮ್ಮ ಮಕ್ಕಳು ಒಂದನೇ ತರಗತಿಯಲ್ಲೇ ತಿದ್ದುತ್ತಾರೆ. ವಿಭಕ್ತಿ ಎಂದರೆ ಏನೆಂದು ನಮಗೆ ಹೇಳಬೇಕಿಲ್ಲ. ಉ, ಅನ್ನು, ಇಂದ, ಗೆ ಎಂದು ಬಾಯಿಪಾಠ ಮಾಡಿದವರು ನಾವು. ಶಬ್ದಗಳನ್ನು ನೋಡಿ: ನಮ್ಮ ಬಣ್ಣ ಅಲ್ಲಿ ವಣ್ಣ, ಸುಣ್ಣ ಅಲ್ಲಿ ಚುಣ್ಣ, ವಿಜ್ಜೆ ಅಲ್ಲಿ ವಿಜ್ಜಾ, ಅಚ್ಚರಿ ಅಲ್ಲಿ ಅಚ್ಛರಿಯ. ಸಗ್ಗ ಸಗ್ಗವೇ, ಸಿರಿ ಸಿರಿಯೇ. ಇವೆಲ್ಲ ಪಾಳಿಯಿಂದಲೇ ನೇರವಾಗಿ ಬಂದವೆಂದಲ್ಲ. ಪ್ರಾಕೃತಗಳ ಮೂಲಕ ಕನ್ನಡಕ್ಕಿಳಿದವು. ಕೇಶಿರಾಜ ಅಪಭ್ರಂಶ ಪ್ರಕರಣದಲ್ಲಿ ತದ್ಭವಗಳಿಗೆ ಹೇಳಿದ ನಿಯಮಗಳನ್ನು ಬಲ್ಲವರಿಗೆ ಪಾಳಿಯ ಅರ್ಧ ಶಬ್ದಕೋಶ ಗುರುತು ಹಿಡಿಯುವಷ್ಟು ಸಮೀಪವಾಗುತ್ತದೆ.

ವಾಕ್ಯರಚನೆಯಲ್ಲಂತೂ ಇನ್ನೂ ಹತ್ತಿರ. ಬುದ್ಧ ಬೆಳಿಗ್ಗೆ ಎದ್ದು, ಚೀವರ ಉಟ್ಟು, ಪಾತ್ರೆ ಹಿಡಿದು, ಊರೊಳಗೆ ಹೋಗಿ, ಭಿಕ್ಷೆ ಮುಗಿಸಿ, ಮರಳಿ ಬಂದು ಒಂದೆಡೆ ಕುಳಿತ. ಸುತ್ತಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಇದು. ಪಾಳಿಯಲ್ಲಿ ಇದು ‘ತ್ವಾ’ ಎಂಬ ಪ್ರತ್ಯಯದ ಸರಣಿ. ಕೊನೆಗೊಂದು ಪೂರ್ಣ ಕ್ರಿಯಾಪದ. ಕನ್ನಡದ ‘ಎದ್ದು, ಉಟ್ಟು, ಹಿಡಿದು, ಹೋಗಿ’ಗೂ ಅದಕ್ಕೂ ಎಳೆಯಷ್ಟೂ ಅಂತರವಿಲ್ಲ. ಇಂಗ್ಲಿಷ್ ಅನುವಾದಕರು ಇದನ್ನು ತುಂಡು ತುಂಡು ಮಾಡಬೇಕಾಗುತ್ತದೆ. ಹಾಗೆಯೇ ಒಬ್ಬರ ಮಾತನ್ನು ಮುಗಿಸುವಾಗ ಪಾಳಿ ‘ತಿ’ ಎನ್ನುತ್ತದೆ, ನಾವು ‘ಎಂದು’ ಎನ್ನುತ್ತೇವೆ. ಇಂಥ ಸಾಮ್ಯಗಳನ್ನೇ ಮೆಟ್ಟಿಲು ಮಾಡಿಕೊಂಡು ಬರೆದರೆ ಕನ್ನಡಿಗರಿಗಾಗಿ ಬರೆಯುವ ಪಾಳಿ ಪಠ್ಯ ಇಂಗ್ಲಿಷಿನವುಗಳ ಅರ್ಧದಷ್ಟು ತೆಳುವಾಗಿದ್ದೀತು.

ನಿಘಂಟಿನ ಮಾತು ಮಾತ್ರ ಬೇರೆ. ಕೋಪನ್‌ಹೇಗನ್ನಿನಲ್ಲಿ 1924ರಲ್ಲಿ ಒಂದು ಮಹಾನಿಘಂಟು ಪ್ರಕಟವಾಗತೊಡಗಿತು. 2011ರಲ್ಲಿ ನಿಂತಾಗ ‘ಕ’ ಅಕ್ಷರವೂ ಮುಗಿದಿರಲಿಲ್ಲ. ಪಾಳಿ ಟೆಕ್ಸ್ಟ್ ಸೊಸೈಟಿಗಾಗಿ ಮಾರ್ಗರೆಟ್ ಕೋನ್ ಸಿದ್ಧಪಡಿಸಿದ ಹೊಸ ನಿಘಂಟಿನ ಮೊದಲ ಸಂಪುಟ 2001ರಲ್ಲೂ ಎರಡನೆಯದು 2010ರಲ್ಲೂ ಬಂದವು, ಮೂರನೆಯದಕ್ಕೆ ಇನ್ನೊಂದು ದಶಕ ಹಿಡಿಯಿತು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳಿಗೆ ದಶಕಗಳು ಹಿಡಿದದ್ದನ್ನು ಕಂಡವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಅಲ್ಲಿಯವರೆಗೆ ಕನ್ನಡದ ವಿದ್ಯಾರ್ಥಿ ಮಾಡಬಹುದಾದದ್ದು ಇಷ್ಟು: ಎಡಗಡೆ ಕನ್ನಡ ಲಿಪಿಯ ಮೂಲ, ಬಲಗಡೆ ಕನ್ನಡ ಅನುವಾದ, ಮಧ್ಯೆ ರೀಸ್ ಡೇವಿಡ್ಸ್ ಮತ್ತು ಸ್ಟೀಡ್ ನಿಘಂಟು. ‘ಧಮ್ಮಪದ’ದಿಂದ ಆರಂಭಿಸುವವರು ಹೆಚ್ಚು. ಅದರಲ್ಲಿ 423 ಗಾಹೆಗಳಿವೆ. ದಿನಕ್ಕೊಂದರಂತೆ ಹಿಡಿದರೆ ಒಂದು ವರ್ಷ ಎರಡು ತಿಂಗಳ ಪಾಠ.